ವಿಲ್ಲಿ ಲೋಮನ್ ಶಿವಮೊಗ್ಗಕ್ಕೆ ಬರೋಕೆ 14 ತಿಂಗಳು ಹಿಡಿಯಿತು

ಕಳೆದ ಶನಿವಾರ ಮತ್ತು ಭಾನುವಾರ ನಮ್ಮ ಹವ್ಯಾಸಿ ತಂಡ ಶಿವಮೊಗ್ಗದಲ್ಲಿ ಅಮೆರಿಕದ ನಾಟಕಕಾರ ಆರ್ಥರ್ ಮಿಲ್ಲರ್ ಅವರ ‘ಡೆತ್ ಆಫ್ ಎ ಸೇಲ್ಸ್‌ಮನ್’ ನಾಟಕವನ್ನು ಕನ್ನಡದಲ್ಲಿ ಆಡಿತು. ನಾನು ಲಿಂಡಾ ಪಾತ್ರ ಮಾಡಿದೆ. ಹಗಲು ಹೊತ್ತು ನಾನು ಒಂದು ವಿಮಾ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಕಾಗದಪತ್ರಕ್ಕೆ ಹೆದರುವವಳಲ್ಲ ಅಂತ ತಂಡದವರು ನಾಟಕದ ಹಕ್ಕು ತರುವ ಕೆಲಸವನ್ನೂ ನನಗೇ ವಹಿಸಿದ್ದರು. ಮೊದಲ ಇಮೇಲ್ ಕಳಿಸಿದ್ದು ಹೋದ ವರ್ಷ ಜುಲೈನಲ್ಲಿ. ಪರದೆ ಎದ್ದದ್ದು ಈ ಸೆಪ್ಟೆಂಬರಿನಲ್ಲಿ. ನಡುವೆ ಎಲ್ಲೆಲ್ಲಿ ಎಡವಿದೆವು, ಎಷ್ಟು ಕಾದೆವು, ಎಷ್ಟು ಖರ್ಚಾಯಿತು ಅನ್ನುವುದನ್ನು ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ. ಸಣ್ಣ ಊರಿನ ಇನ್ನೊಂದು ತಂಡಕ್ಕೆ ಒಂದು ತಿಂಗಳಾದರೂ ಉಳಿದರೆ ಸಾಕು.

ನಾಟಕ ಗೊತ್ತಿಲ್ಲದವರಿಗೆ ಎರಡು ಮಾತು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ವಿಲ್ಲಿ ಲೋಮನ್ ಅಂತ ಅರವತ್ತು ದಾಟಿದ ಒಬ್ಬ ಸೇಲ್ಸ್‌ಮನ್. ಕಾರಿನಲ್ಲಿ ಊರೂರು ಸುತ್ತಿ ಮಾಲು ಮಾರುವವನು. ತಾನು ಎಲ್ಲರಿಗೂ ಬೇಕಾದವನು, ದೊಡ್ಡ ಮಗ ಬಿಫ್ ಇನ್ನೇನು ದೊಡ್ಡ ಮನುಷ್ಯ ಆಗಿಬಿಡುತ್ತಾನೆ ಅಂತ ನಂಬಿಕೊಂಡೇ ಬದುಕಿದವನು. ಬಿಫ್‌ಗೆ 34 ವರ್ಷ ಆಗಿದೆ, ಎಲ್ಲೂ ನೆಲೆ ನಿಂತಿಲ್ಲ. ಎರಡನೇ ಮಗ ಹ್ಯಾಪಿ ಅಪ್ಪನ ಹಾಗೇ ಬುರುಡೆ ಬಿಡುವುದನ್ನು ಕಲಿತಿದ್ದಾನೆ. ಹೆಂಡತಿ ಲಿಂಡಾಗೆ ಬಹಳಷ್ಟು ಗೊತ್ತು, ಆದರೆ ಬಾಯಿ ಬಿಡುವುದಿಲ್ಲ. 1949ರ ಫೆಬ್ರುವರಿ 10ರಂದು ನ್ಯೂಯಾರ್ಕಿನ ಮೊರಾಸ್ಕೊ ಥಿಯೇಟರಿನಲ್ಲಿ ಎಲಿಯಾ ಕಜಾನ್ ನಿರ್ದೇಶನದಲ್ಲಿ ಇದು ಮೊದಲು ರಂಗಕ್ಕೆ ಬಂತು. 742 ಪ್ರದರ್ಶನ ಕಂಡಿತು. ಅದೇ ವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. ನಮ್ಮ ಪಕ್ಕದ ಹೆಗ್ಗೋಡಿನಲ್ಲಿ ನೀನಾಸಂ ಹುಟ್ಟಿದ್ದೂ 1949ರಲ್ಲೇ. ಮೊದಲ ಸಭೆಯಲ್ಲಿ ನಿರ್ದೇಶಕರು ಇದನ್ನು ಹೇಳಿದಾಗ ಎಲ್ಲರಿಗೂ ಏನೋ ಹುಮ್ಮಸ್ಸು ಬಂತು.

ಅದೇ ಸಭೆಯಲ್ಲಿ ಒಬ್ಬರು, ‘ಬರೆದವರು ತೀರಿಕೊಂಡಿದ್ದಾರೆ, ಇನ್ನು ಯಾರ ಅನುಮತಿ ಬೇಕು?’ ಅಂದರು. ಈ ತಪ್ಪು ತಿಳಿವಳಿಕೆ ತುಂಬಾ ಜನರಿಗಿದೆ. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಮಿಲ್ಲರ್ ತೀರಿಕೊಂಡಿದ್ದು 2005ರ ಫೆಬ್ರುವರಿ 10ಕ್ಕೆ. ನಾಟಕ ಮೊದಲು ಆಡಿದ ತಾರೀಖೇ ಅದು. ಹಾಗಾಗಿ ಇಲ್ಲಿ ಇನ್ನೂ ಅನುಮತಿ ಬೇಕೇ ಬೇಕು. ಅದೂ ಒಂದಲ್ಲ, ಎರಡು. ಅನುವಾದ ಮಾಡುವುದಕ್ಕೆ ಒಂದು, ಅದನ್ನು ಆಡುವುದಕ್ಕೆ ಇನ್ನೊಂದು. ನಮ್ಮ ತಂಡದ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಒಬ್ಬರು ಅಷ್ಟರಲ್ಲಾಗಲೇ ಪ್ರೀತಿಯಿಂದ ಅರ್ಧ ನಾಟಕ ಅನುವಾದ ಮಾಡಿಬಿಟ್ಟಿದ್ದರು. ಮೊದಲು ಪತ್ರ ಬರೆಯಿರಿ, ಆಮೇಲೆ ಪೆನ್ನು ಹಿಡಿಯಿರಿ ಅಂತ ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ಯಾರಿಗೆ ಬರೆಯಬೇಕು ಅನ್ನುವುದು ಪುಸ್ತಕದಲ್ಲೇ ಇರುತ್ತದೆ. ನಾಟಕದ ಪ್ರತಿಯ ಮೊದಲ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಹಕ್ಕಿನ ಬಗ್ಗೆ ಒಂದು ಟಿಪ್ಪಣಿ ಇರುತ್ತದೆ. ಅದನ್ನು ಯಾರೂ ಓದಲ್ಲ. ನಾನು ಓದಿ, ಅದರಲ್ಲಿದ್ದ ಹಕ್ಕು ಕೊಡುವ ಏಜೆನ್ಸಿಗೆ ಬರೆದೆ. ಏಳು ವಾರ ಉತ್ತರ ಇಲ್ಲ. ನಡುವೆ ಎರಡು ಸಲ ನೆನಪೋಲೆ ಕಳಿಸಿದೆ. ಸೆಪ್ಟೆಂಬರಿನಲ್ಲಿ ನಾಲ್ಕು ಸಾಲಿನ ಉತ್ತರ ಬಂತು, ಜೊತೆಗೆ ಪ್ರಶ್ನೆಗಳು. ಹಾಲ್‌ನಲ್ಲಿ ಎಷ್ಟು ಸೀಟು? ಟಿಕೆಟ್ ಎಷ್ಟು? ಎಷ್ಟು ಪ್ರದರ್ಶನ, ಯಾವ ತಾರೀಖು? ಅನುವಾದಕರು ಯಾರು, ಹಿಂದೆ ಏನು ಮಾಡಿದ್ದಾರೆ? ತಂಡ ನೋಂದಣಿ ಆಗಿದೆಯೇ? ನಮ್ಮ ತಂಡ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗಿತ್ತು, ಆದರೆ ನವೀಕರಣ ಮೂರು ವರ್ಷದಿಂದ ಬಾಕಿ. ಅದನ್ನು ಸರಿಮಾಡಿಸಲು ಇನ್ನೊಂದು ತಿಂಗಳು. ನಿಮ್ಮ ಸಂಘದ ಕಾಗದ ಇವತ್ತೇ ತೆಗೆದು ನೋಡಿ.

ಡಿಸೆಂಬರಿನಲ್ಲಿ ಒಪ್ಪಿಗೆ ಬಂತು. ಆ ದಿನ ಕಚೇರಿಯಲ್ಲಿ ಕೂತಿದ್ದವಳು ಎದ್ದು ಹೊರಗೆ ಹೋಗಿ ನಿರ್ದೇಶಕರಿಗೆ ಫೋನ್ ಮಾಡಿದೆ. ಇಬ್ಬರಿಗೂ ಮಾತು ಹೊರಡಲಿಲ್ಲ.

ಒಪ್ಪಂದದಲ್ಲಿ ಒಂದು ಷರತ್ತು ಇತ್ತು. ಕಡಿತ ಮಾಡುವ ಹಾಗಿಲ್ಲ. ಹೆಸರು, ಊರು, ಕಾಲ ಬದಲಿಸುವ ಹಾಗಿಲ್ಲ. ನಮ್ಮಲ್ಲಿ ಕೆಲವರಿಗೆ ವಿಲ್ಲಿಯನ್ನು ದಾವಣಗೆರೆಯ ಬಟ್ಟೆ ಸೇಲ್ಸ್‌ಮನ್ ಮಾಡುವ ಆಸೆ ಇತ್ತು. ಅದು ಅಲ್ಲಿಗೇ ನಿಂತಿತು. ಮೊದಲು ಬೇಜಾರಾಯಿತು, ನಿಜ. ಆಮೇಲೆ ನಿರ್ದೇಶಕರು ಬೀಜಿಂಗ್ ಕಥೆ ಹೇಳಿದರು. 1983ರಲ್ಲಿ ಮಿಲ್ಲರ್ ಸ್ವತಃ ಬೀಜಿಂಗ್‌ಗೆ ಹೋಗಿ ಚೀನೀ ನಟರಿಂದ ಇದೇ ನಾಟಕ ಮಾಡಿಸಿದ್ದರು. ಅನುವಾದ ಮಾಡಿದ ಯಿಂಗ್ ರುವೋಚೆಂಗ್ ಅವರೇ ವಿಲ್ಲಿ. ಅಮೆರಿಕದವರ ಹಾಗೆ ಕಾಣಲು ವಿಗ್ ಹಾಕಿಕೊಳ್ಳೋದು ಬೇಡ ಅಂತ ಮಿಲ್ಲರ್ ಹಟ ಹಿಡಿದಿದ್ದರು. ನಾವೂ ಅದನ್ನೇ ಹಿಡಿದೆವು. ಊರು ಬ್ರೂಕ್ಲಿನ್, ಹೆಸರು ವಿಲ್ಲಿ, ಮಾತು ನಮ್ಮ ಮನೆಯದು. ಅಮೆರಿಕದವರ ಹಾಗೆ ಯಾರೂ ಭುಜ ಕುಣಿಸಲಿಲ್ಲ.

ಈಗ ದುಡ್ಡಿನ ವಿಷಯ. ಎರಡು ಪ್ರದರ್ಶನಕ್ಕೆ ಮುಂಗಡ 300 ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 26,000 ರೂಪಾಯಿ. ಇದನ್ನು ಕಟ್ಟುವುದಕ್ಕೇ ಆರು ವಾರ ಹಿಡಿಯಿತು. ವಿದೇಶಕ್ಕೆ ರಾಯಧನ ಕಳಿಸುವಾಗ ತೆರಿಗೆ ಕಡಿತದ ಪ್ರಶ್ನೆ ಬರುತ್ತದೆ. ಅದಕ್ಕೆ ಸಂಘದ ಪ್ಯಾನ್ ಸಾಲದು, ತೆರಿಗೆ ಕಡಿತ ಮಾಡುವವರಿಗೆ ಕೊಡುವ ಟ್ಯಾನ್ ನಂಬರ್ ಬೇಕು. ನಮ್ಮ ಹತ್ತಿರ ಇರಲಿಲ್ಲ. ಆದಾಯ ತೆರಿಗೆ ಜಾಲತಾಣದಲ್ಲಿ, ವಿದೇಶಕ್ಕೆ ಹಣ ಕಳಿಸುವವರು ಕೊಡಬೇಕಿದ್ದ 15ಸಿಎ ಫಾರ್ಮ್ ತುಂಬಬೇಕಾಯಿತು. ಬ್ಯಾಂಕಿನವರು ಇಂಥ ಪಾವತಿಯನ್ನು ಎಂದೂ ನೋಡಿರಲಿಲ್ಲ. ನಾಲ್ಕು ಸಲ ಹೋದೆ, ನಾಲ್ಕು ಸಲವೂ ಬೇರೆ ಬೇರೆ ಕಾಗದ ಕೇಳಿದರು. ಕೊನೆಗೆ ಒಬ್ಬ ಸಿಎ ಪರಿಚಯದ ಮೇಲೆ ಬಂದು ಕೂತು ಮುಗಿಸಿಕೊಟ್ಟರು. ನೀವು ಮೊದಲ ದಿನವೇ ಸಿಎ ಹತ್ತಿರ ಹೋಗಿ. ನಿಯಮ, ಫಾರ್ಮ್ ಆಗಾಗ ಬದಲಾಗುತ್ತವೆ, ಅವರಿಗೇ ಗೊತ್ತಿರುತ್ತದೆ.

ಇನ್ನೊಂದು ಮುಖ್ಯ ವಿಷಯ. ನಾವು 300 ಡಾಲರ್ ಕಳಿಸಿದೆವು, ಅಲ್ಲಿ ತಲುಪಿದ್ದು 278. ನಡುವಿನ ಬ್ಯಾಂಕ್ ತನ್ನ ಶುಲ್ಕ ಹಿಡಿದುಕೊಂಡಿತ್ತು. ಏಜೆನ್ಸಿ ಪೂರ್ತಿ ಹಣ ಬರದೆ ಸಹಿ ಹಾಕಲ್ಲ ಅಂದಿತು. 22 ಡಾಲರ್ ಕಳಿಸಲು ಮತ್ತೆ ಅಷ್ಟೇ ಕಾಗದ, ಅಷ್ಟೇ ಓಡಾಟ, ಮತ್ತೆ ಶುಲ್ಕ. ಕಳಿಸುವ ಅರ್ಜಿಯಲ್ಲಿ ಶುಲ್ಕ ಎಲ್ಲ ನಮ್ಮದೇ ಅನ್ನುವ ಆಯ್ಕೆ ಇರುತ್ತದೆ. ಅದಕ್ಕೆ ಗುರುತು ಹಾಕುವುದನ್ನು ಮರೆಯಬೇಡಿ.

ಅಷ್ಟರಲ್ಲಿ ಅನುವಾದ ನಡೆಯುತ್ತಿತ್ತು. ಭಾನುವಾರ ಬೆಳಗ್ಗೆ ಮೇಷ್ಟ್ರ ಮನೆ ಜಗಲಿಯಲ್ಲಿ ಕೂರುತ್ತಿದ್ದೆವು. ಇಡೀ 14 ತಿಂಗಳಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಬೆಳಗುಗಳು ಅವು. ವಿಲ್ಲಿಗೆ ಜನ ಇಷ್ಟಪಟ್ಟರೆ ಸಾಲದು, ಚೆನ್ನಾಗಿ ಇಷ್ಟಪಡಬೇಕು. ಪಕ್ಕದ ಮನೆಯ ಚಾರ್ಲಿಯನ್ನು ಜನ ಇಷ್ಟಪಡುತ್ತಾರೆ, ಆದರೆ ತನ್ನಷ್ಟಲ್ಲ ಅಂತ ಅವನ ಲೆಕ್ಕ. ಇದನ್ನು ಎಷ್ಟು ಸಲ ತಿದ್ದಿದರೂ ಪುಸ್ತಕದ ಮಾತಾಗುತ್ತಿತ್ತು. ಕಾಫಿ ತಂದುಕೊಟ್ಟ ಮೇಷ್ಟ್ರ ಹೆಂಡತಿ, ‘ಎಲ್ರಿಗೂ ಬೇಕಾದವನು ಅಂತೀವಲ್ಲ, ಅದೇ ಅಲ್ವಾ?’ ಅಂದರು. ಅದೇ ಆಗಿತ್ತು.

ಮಗಂದಿರ ಮುಂದೆ ಲಿಂಡಾ, ಈ ಮನುಷ್ಯನ ಕಡೆ ಗಮನ ಕೊಡಲೇಬೇಕು ಅಂತ ಹೇಳುವ ಮಾತಿದೆ. ‘ಗಮನ ಕೊಡಬೇಕು’ ಅಂದರೆ ಬಸ್ ಸ್ಟ್ಯಾಂಡಿನ ಮೈಕಿನಲ್ಲಿ ಹೇಳಿದ ಹಾಗಿರುತ್ತದೆ. ಮೂರು ವಾರ ಒದ್ದಾಡಿದ ಮೇಲೆ ‘ಇಂಥವರನ್ನ ಯಾರಾದ್ರೂ ಕಣ್ಣೆತ್ತಿ ನೋಡ್ಬೇಕು ಕಣೋ’ ಅಂತ ಆಯಿತು. ಆ ‘ಕಣೋ’ ಸಿಕ್ಕಿದ ಮೇಲೆ ನನಗೆ ಪಾತ್ರ ಸಿಕ್ಕಿತು.

ಹೋಟೆಲ್ ದೃಶ್ಯದಲ್ಲಿ ಕನ್ನಡ ನಮಗೆ ಕೈ ಕೊಡದೆ ಕೈ ಹಿಡಿಯಿತು. ಅಪ್ಪ ಒಳಗೆ ಬವಳಿ ಬಂದು ಬಡಬಡಿಸುತ್ತಿದ್ದಾನೆ. ಹ್ಯಾಪಿ ಜೊತೆಗಿದ್ದ ಹುಡುಗಿ ‘ನಿಮ್ಮ ತಂದೆಗೆ ಹೇಳೋದು ಬೇಡ್ವಾ?’ ಅಂತ ಕೇಳಿದಾಗ, ಅವನು ನಮ್ಮಪ್ಪ ಅಲ್ಲ, ಯಾರೋ ಅಂದುಬಿಡುತ್ತಾನೆ. ನಾಟಕವಿಡೀ ಅಪ್ಪನ ಬಗ್ಗೆ ‘ಅವರು’ ಅಂತ ಮಾತಾಡುವ ಹ್ಯಾಪಿ ಅಲ್ಲಿ ಮಾತ್ರ ‘ಯಾರೋ ಒಬ್ಬ’ ಅನ್ನುತ್ತಾನೆ. ಬಹುವಚನ ಬಿದ್ದುಹೋಯಿತು. ಎರಡೂ ದಿನ ಸಭಾಂಗಣದಲ್ಲಿ ಆ ಒಂದು ಪದಕ್ಕೆ ಉಸಿರು ಎಳೆದುಕೊಂಡ ಸದ್ದು ಕೇಳಿಸಿತು.

ಮೂಲದಲ್ಲೇ ಇರುವ ಒಂದು ವ್ಯತ್ಯಾಸ ನಮ್ಮನ್ನು ಕಾಡಿತು. ಯಜಮಾನ ಹೋವರ್ಡ್ ಎದುರು ವಿಲ್ಲಿ, ಈ ಕಂಪನಿಗೆ 34 ವರ್ಷ ಹಾಕಿದ್ದೇನೆ ಅನ್ನುತ್ತಾನೆ. ಲಿಂಡಾ ಮಗಂದಿರಿಗೆ ಹೇಳುವಾಗ ಈ ಮಾರ್ಚಿಗೆ 36 ಅನ್ನುತ್ತಾಳೆ. ಸರಿ ಮಾಡಿಬಿಡೋಣ ಅಂದರು ಮೇಷ್ಟ್ರು. ಬದಲಿಸುವ ಹಾಗಿಲ್ಲವಲ್ಲ, ಹಾಗೇ ಬಿಟ್ಟೆವು. ಆ ಮನೆಯಲ್ಲಿ ಯಾವ ಅಂಕಿಯೂ ನಿಲ್ಲುವುದಿಲ್ಲ ಅಂತ ನನಗೆ ಅರ್ಥವಾದದ್ದು ಅಲ್ಲಿಂದಲೇ.

ಮೇ ತಿಂಗಳಿನಿಂದ ತಾಲೀಮು. ಒಂದು ಶಾಲೆಯ ಶೀಟಿನ ಹಾಲ್, ಸಂಜೆ 7ರಿಂದ 9:30. ಜೂನ್‌ನಲ್ಲಿ ಮಳೆ ಹಿಡಿಯಿತು ನೋಡಿ, ಶೀಟಿನ ಮೇಲೆ ಮಳೆ ಬಿದ್ದರೆ ಪಕ್ಕದವರ ಮಾತು ಕೇಳಿಸದು. ಮಲೆನಾಡಿನವರು ಮಳೆಗಾಲದ ತಾಲೀಮಿಗೆ ತಾರಸಿ ಮನೆ ಹುಡುಕಿಕೊಳ್ಳಿ.

ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಆರನೇ ವಾರದಲ್ಲಿ. ವಿಲ್ಲಿ ಪಾತ್ರ ಮಾಡುತ್ತಿದ್ದವರು ಬಿಟ್ಟು ಹೋದರು. ಒಳ್ಳೆಯ ನಟ, ಮೂವತ್ತು ವರ್ಷದ ಅನುಭವ. ಬಿಫ್ ಅಪ್ಪನ ಮುಂದೆ, ನಾನು ಏನೂ ಅಲ್ಲ ಅಪ್ಪ, ಅಷ್ಟೂ ಅರ್ಥ ಆಗಲ್ವಾ ಅಂತ ಅಳುವ ಜಾಗ ಇದೆ. ಅಲ್ಲಿ ಅವರು ನಿಂತುಬಿಟ್ಟರು. ಪ್ರತಿ ಸಲವೂ. ಒಂದು ರಾತ್ರಿ ಚಪ್ಪಲಿ ಹಾಕಿಕೊಳ್ಳುತ್ತಾ, ‘ನನ್ನ ಮಗನೂ ಹೀಗೇ ಒಂದಿನ ನಿಂತಿದ್ದ. ನಾನು ಕೇಳಿಸ್ಕೊಳ್ಲಿಲ್ಲ. ಇದು ನನ್ನ ಕೈಲಿ ಆಗಲ್ಲ’ ಅಂದರು. ಯಾರೂ ತಡೆಯಲಿಲ್ಲ. ಇಂಥ ನಾಟಕ ಎತ್ತಿಕೊಳ್ಳುವವರು ದೊಡ್ಡ ಪಾತ್ರಗಳಿಗೆ ಇನ್ನೊಬ್ಬರನ್ನು ಮೊದಲಿನಿಂದ ಕೂರಿಸಿಕೊಳ್ಳಿ. ಮಾತು ಕಲಿಯದಿದ್ದರೂ ಪರವಾಗಿಲ್ಲ, ತಾಲೀಮು ನೋಡುತ್ತಿರಲಿ. ನಮಗೆ ಹಾಗೆ ದಿನಾ ಬಂದು ಕೂರುತ್ತಿದ್ದ ಒಬ್ಬರು ಇದ್ದರು. ಅವರೇ ವಿಲ್ಲಿ ಆದರು.

ಹೊಸ ವಿಲ್ಲಿಯ ಜೊತೆ ನಾವು ಎಲ್ಲಕ್ಕಿಂತ ಜಾಸ್ತಿ ತಾಲೀಮು ಮಾಡಿದ್ದು ಒಂದು ಚಿಕ್ಕ ತುಣುಕನ್ನು. ವಿಲ್ಲಿ ಪ್ರವಾಸ ಮುಗಿಸಿ ಬಂದಿದ್ದಾನೆ. ಪ್ರಾವಿಡೆನ್ಸ್‌ನಲ್ಲಿ 500 ಡಾಲರ್ ವ್ಯಾಪಾರ, ಬಾಸ್ಟನ್‌ನಲ್ಲಿ 700 ಅನ್ನುತ್ತಾನೆ. ಲಿಂಡಾ ಪೆನ್ಸಿಲ್ ತೆಗೆದು ಕಮಿಷನ್ ಲೆಕ್ಕ ಹಾಕುತ್ತಾಳೆ. 212 ಡಾಲರ್! ಅಷ್ಟಾಗುತ್ತಿದ್ದ ಹಾಗೆ ವಿಲ್ಲಿ ಮೆತ್ತಗಾಗುತ್ತಾನೆ. ಪ್ರಾವಿಡೆನ್ಸ್‌ನಲ್ಲಿ ಸುಮಾರು 180 ಇರಬಹುದು ಅನ್ನುತ್ತಾನೆ. ಆಮೇಲೆ, ಇಡೀ ಪ್ರವಾಸಕ್ಕೇ ಸೇರಿ 200 ಆಗಿರಬೇಕು ಅನ್ನುತ್ತಾನೆ. 1,200 ಇದ್ದದ್ದು 200. ಕೈಗೆ ಬಂದದ್ದು 70 ಡಾಲರ್ ಚಿಲ್ಲರೆ. ಅದೇ ಮಾತುಕತೆಯಲ್ಲಿ, ಮೊದಲು ಜಗತ್ತಿನಲ್ಲೇ ಇಲ್ಲದ ಕಾರು ಅಂತ ಹೊಗಳಿದ್ದ ಷೆವರ್ಲೆಗೆ ರಿಪೇರಿ ದುಡ್ಡು ಕೊಡಬೇಕು ಅಂದ ಕೂಡಲೇ, ಆ ಕಾರು ಮಾಡೋದನ್ನೇ ನಿಷೇಧಿಸಬೇಕು ಅಂತ ಬೈಯುತ್ತಾನೆ.

ನಾನು ಮೊದಮೊದಲು ಲಿಂಡಾಳನ್ನು ಮೋಸಹೋದವಳ ಹಾಗೆ ಆಡುತ್ತಿದ್ದೆ. ಅಂಕಿ ಇಳಿದಾಗ ಮುಖ ಬಾಡಿಸುತ್ತಿದ್ದೆ. ನಿರ್ದೇಶಕರು ನಿಲ್ಲಿಸಿ, ‘ಅವಳು ಎಷ್ಟನೇ ಸಲ ಈ ಲೆಕ್ಕ ಹಾಕ್ತಿದಾಳೆ?’ ಅಂತ ಕೇಳಿದರು. ನನಗೆ ಥಟ್ಟನೆ ನಮ್ಮ ಅಡುಗೆಮನೆ ಕಾಣಿಸಿತು.

ನಮ್ಮಪ್ಪ ಸಾಗರದ ಕಡೆ ಗದ್ದೆ ಗುತ್ತಿಗೆ ಹಿಡಿದು ಶುಂಠಿ ಹಾಕುತ್ತಿದ್ದರು. ಒಂದು ವರ್ಷ ಕೊಳೆರೋಗ, ಇನ್ನೊಂದು ವರ್ಷ ರೇಟ್ ಇಲ್ಲ. ಆದರೂ ಪ್ರತಿ ವರ್ಷ, ‘ಈ ಸಲ ಶುಂಠಿ ಕೈ ಹಿಡಿಯುತ್ತೆ’. ಸಂಜೆ ಕಾಫಿ ಕುಡಿಯುತ್ತಾ ಅಪ್ಪ ಲೆಕ್ಕ ಹೇಳುತ್ತಿದ್ದರು. ಎಕರೆಗೆ ಇಷ್ಟು ಮೂಟೆ, ಮೂಟೆಗೆ ಇಷ್ಟು. ಅಮ್ಮ ಕ್ಯಾಲೆಂಡರಿನ ಹಿಂದೆ ಬರೆಯುತ್ತಿದ್ದಳು. ಎರಡು ದಿನ ಬಿಟ್ಟು ಅಂಕಿ ಅರ್ಧ ಆಗುತ್ತಿತ್ತು. ಅಮ್ಮ ಅದನ್ನೂ ಬರೆಯುತ್ತಿದ್ದಳು, ಮೊದಲಿನದರ ಕೆಳಗೆ, ಅಳಿಸದೆ. ಅವಳ ಮುಖ ಬಾಡಿದ್ದು ನಾನು ನೋಡಿಲ್ಲ. ಅಣ್ಣನ ಇಂಜಿನಿಯರಿಂಗ್ ಸೀಟು ಹೋದದ್ದು, ಮನೆ ಪತ್ರ ಅಡವಾದದ್ದು ಎಲ್ಲ ಆ ಕ್ಯಾಲೆಂಡರಿನ ಅಂಕಿಗಳಿಂದಲೇ. ಅಪ್ಪ ಕೆಟ್ಟವರಲ್ಲ. ನಮ್ಮ ಮೇಲೆ ಪ್ರಾಣ ಇಟ್ಟಿದ್ದರು. ವಿಲ್ಲಿಯೂ ಹಾಗೇ, ಅದಕ್ಕೇ ಅವನು ಮಾಡುವ ಗಾಯ ಅಷ್ಟು ಆಳ. ಕೆಟ್ಟ ಅಪ್ಪನ ಮಾತನ್ನು ಮಕ್ಕಳು ನಂಬುವುದಿಲ್ಲ, ಬಿಟ್ಟು ಹೋಗುತ್ತಾರೆ. ಪ್ರೀತಿಸುವ ಅಪ್ಪ ‘ನೀನು ರಾಜ’ ಅಂದರೆ ಮಗ ನಂಬಿಬಿಡುತ್ತಾನೆ. ಬಿಫ್ ಹೈಸ್ಕೂಲಿನಲ್ಲಿ ಗಣಿತ ಫೇಲಾಗಿ, ಮೇಷ್ಟ್ರ ಹತ್ತಿರ ಮಾತಾಡು ಅಂತ ಕೇಳಲು ಬಾಸ್ಟನ್‌ಗೆ ಓಡಿ ಹೋಗುತ್ತಾನೆ. ಅಪ್ಪ ಬಾಯಿ ತೆರೆದರೆ ಯಾರೂ ಇಲ್ಲ ಅನ್ನಲ್ಲ ಅಂತ ಅವನ ನಂಬಿಕೆ. ಅಲ್ಲಿ ಹೋಟೆಲ್ ಕೋಣೆಯಲ್ಲಿ ಇನ್ನೊಬ್ಬ ಹೆಂಗಸು. ಅವಳ ಕೈಗೆ ಅಪ್ಪ ಕೊಟ್ಟ ಹೊಸ ಕಾಲುಚೀಲದ ಡಬ್ಬಿ. ಮನೆಯಲ್ಲಿ ಅಮ್ಮ ಹರಿದ ಕಾಲುಚೀಲ ಹೊಲಿಯುತ್ತಾ ಕೂತಿರುತ್ತಾಳೆ.

ಆ ದಿನದಿಂದ ನಾನು ಪೆನ್ಸಿಲ್ ಹಿಡಿದಾಗ ಮುಖ ಬಾಡಿಸಲಿಲ್ಲ. ಬರೆದೆ, ಅಷ್ಟೇ.

ಸಾಮಾನಿನ ಕಷ್ಟ ಒಂದನ್ನು ಹೇಳಲೇಬೇಕು. ವಿಲ್ಲಿ ಮೊದಲ ದೃಶ್ಯದಲ್ಲಿ ಎರಡು ದೊಡ್ಡ ಪೆಟ್ಟಿಗೆ ಹೊತ್ತು ಬರುತ್ತಾನೆ. ಒಳಗೆ ಏನಿದೆ? ವಿಲ್ಲಿ ಏನು ಮಾರುತ್ತಾನೆ ಅಂತ ಮಿಲ್ಲರ್ ನಾಟಕದಲ್ಲಿ ಎಲ್ಲೂ ಹೇಳಿಲ್ಲ. ಖಾಲಿ ಪೆಟ್ಟಿಗೆ ಹಿಡಿದರೆ ನಟನ ಭುಜ ಸುಳ್ಳು ಹೇಳುತ್ತಿತ್ತು. ಗುಜರಿಯಲ್ಲಿ ಎರಡು ಹಳೇ ಸೂಟ್‌ಕೇಸ್ ತಂದು, ಒಂದೊಂದಕ್ಕೂ 12 ಕೆ.ಜಿ. ಹಳೇ ಪೇಪರ್ ಕಟ್ಟು ತುಂಬಿದೆವು. ಅದನ್ನು ಅವರು ನೆಲಕ್ಕೆ ಇಡುವಾಗ ಬರುವ ‘ಧಪ್’ ಸದ್ದು, ಆಮೇಲೆ ಅಂಗೈ ತಿಕ್ಕಿಕೊಳ್ಳುವುದು, ಅಲ್ಲಿಗೇ ಅರ್ಧ ನಾಟಕ ಆಯಿತು.

ಕೊಳಲಿನದು ಇನ್ನೊಂದು. ನಾಟಕ ಕೊಳಲಿನಿಂದ ಶುರುವಾಗುತ್ತದೆ, ವಿಲ್ಲಿಯ ಅಪ್ಪ ಕೊಳಲು ಮಾಡಿ ಮಾರುತ್ತಿದ್ದವನು. ಮೂಲ ಪ್ರದರ್ಶನಕ್ಕೆ ಅಲೆಕ್ಸ್ ನಾರ್ತ್ ಮಾಡಿದ ಸಂಗೀತದ ಹಕ್ಕೇ ಬೇರೆ, ಇಂಟರ್ನೆಟ್ಟಿನಿಂದ ಸುಮ್ನೆ ಇಳಿಸಿ ಬಳಸಬೇಡಿ. ನಮ್ಮೂರಿನ ಬಾನ್ಸುರಿ ಕಲಾವಿದರೊಬ್ಬರು ಒಪ್ಪಿದರು. ಮೊದಲು ನುಡಿಸಿದ್ದೆಲ್ಲ ಶೋಕ ಆಗುತ್ತಿತ್ತು. ಹುಲ್ಲು, ಮರ, ದೂರದ ಬಯಲು ಕಾಣಬೇಕು ಅಂತ ಪುಸ್ತಕದಲ್ಲಿದೆ. ಕೊನೆಗೆ ಅವರು ರಾಗ ಬಿಟ್ಟು, ದನ ಕಾಯುವಾಗ ತಾವು ಚಿಕ್ಕಂದಿನಲ್ಲಿ ಊದುತ್ತಿದ್ದ ನಾಲ್ಕು ಸ್ವರ ಊದಿದರು.

ಜುಲೈ ಕೊನೆಗೆ ಪ್ರದರ್ಶನ ಅಂತ ಹಾಲ್ ಬುಕ್ ಆಗಿತ್ತು. ಹದಿನೆಂಟು ದಿನ ಇರುವಾಗ ಫೋನ್ ಬಂತು. ಆ ದಿನಕ್ಕೆ ಬೇರೆ ಕಾರ್ಯಕ್ರಮ ಬಂದಿದೆ, ನಿಮ್ಮದು ಮುಂದಕ್ಕೆ ಹಾಕಿ. ಕೂಗಾಡಿ ಪ್ರಯೋಜನ ಇರಲಿಲ್ಲ. ಸೆಪ್ಟೆಂಬರಿಗೆ ತಾರೀಖು ಸಿಕ್ಕಿತು. ಆದರೆ ನಮ್ಮ ಪರವಾನಗಿಯಲ್ಲಿ ಜುಲೈ ತಾರೀಖು ನಮೂದಾಗಿತ್ತು. ಮತ್ತೆ ಏಜೆನ್ಸಿಗೆ ಪತ್ರ, ಮತ್ತೆ ಮೂರು ವಾರ. ಅರ್ಜಿಯಲ್ಲಿ ಒಂದೇ ತಾರೀಖು ಬರೆಯದೆ ಮೂರು ತಿಂಗಳ ಅವಧಿ ಕೊಡುತ್ತಾರಾ ಅಂತ ಮೊದಲೇ ಕೇಳಿ. ಪೋಸ್ಟರಿನಲ್ಲಿ ಲೇಖಕರ ಹೆಸರು ಎಷ್ಟು ದೊಡ್ಡದಿರಬೇಕು ಅಂತಲೂ ಒಪ್ಪಂದದಲ್ಲಿ ಇರುತ್ತದೆ. ನಾವು ಸಣ್ಣದಾಗಿ ಹಾಕಿದ್ದೆವು. ತಾರೀಖು ಹೇಗೂ ಬದಲಾಗಿತ್ತು, ಎರಡನ್ನೂ ಸೇರಿಸಿ ಪುನಃ ಅಚ್ಚು ಹಾಕಿಸಿದೆವು.

ನಾಟಕದಲ್ಲಿ ಆತ್ಮಹತ್ಯೆಯ ಎಳೆ ಇದೆ. ವಿಲ್ಲಿ ತನ್ನ 20,000 ಡಾಲರ್ ವಿಮೆ ಮಗನಿಗೆ ಸಿಕ್ಕರೆ ಅವನು ಗೆದ್ದ ಹಾಗೆ ಅಂತ ಲೆಕ್ಕ ಹಾಕುತ್ತಾನೆ. ಇದನ್ನು ಟಿಕೆಟ್ ಮೇಲೆ, ಬಾಗಿಲಲ್ಲಿ, ಕರಪತ್ರದಲ್ಲಿ ಬರೆದೆವು. ಜೊತೆಗೆ ಟೆಲಿ ಮಾನಸ್ ಸಹಾಯವಾಣಿ 14416 ಹಾಕಿದೆವು. ಮೊದಲ ದಿನ ಒಬ್ಬ ಯುವಕ ನಡುವೆ ಎದ್ದು ಹೊರಗೆ ಹೋದ. ನಮ್ಮ ಹುಡುಗನೊಬ್ಬ ಬಾಗಿಲ ಹತ್ತಿರ ಅದಕ್ಕೇ ಅಂತ ನಿಂತಿದ್ದ, ಅವನ ಜೊತೆ ಮೆಟ್ಟಿಲ ಮೇಲೆ ಕೂತು ಟೀ ಕುಡಿಸಿದ. ನೀವೂ ಒಬ್ಬರನ್ನು ನಿಲ್ಲಿಸಿ.

ಪ್ರದರ್ಶನದ ದಿನ ಸಂಜೆ ಆರಕ್ಕೆ ಸರಿಯಾಗಿ ಶುರು. ಕಡಿತ ಇಲ್ಲದ ನಾಟಕ, ವಿರಾಮ ಸೇರಿ ಮೂರು ಗಂಟೆ. ಹಾಲ್ ಒಂಬತ್ತೂವರೆಗೆ ಬಿಡಬೇಕು. ರಂಗದ ಮೇಲಿನ ವಿಲ್ಲಿಯ ಮನೆಗೆ ಪೂರ್ತಿ ಗೋಡೆ ಇಲ್ಲ. ಈಗಿನ ಕಾಲದ ದೃಶ್ಯದಲ್ಲಿ ನಟರು ಬಾಗಿಲಿಂದಲೇ ಓಡಾಡಬೇಕು, ವಿಲ್ಲಿಯ ನೆನಪು ಬಂದಾಗ ಗೋಡೆ ದಾಟಿ ನಡೆಯಬಹುದು. ನೆಲಕ್ಕೆ ಬಿಳಿ ಟೇಪ್ ಅಂಟಿಸಿ ಮೂರು ತಿಂಗಳು ಅಭ್ಯಾಸ ಮಾಡಿದ್ದೆವು. ಮೊದಲ ದಿನ ಹ್ಯಾಪಿ ಒಂದು ಸಲ ಈಗಿನ ಕಾಲದಲ್ಲೇ ಗೋಡೆಯೊಳಗಿಂದ ಬಂದುಬಿಟ್ಟ. ಪ್ರೇಕ್ಷಕರಿಗೆ ಗೊತ್ತಾಗಲಿಲ್ಲ ಅನಿಸುತ್ತದೆ. ಅವನು ಮಾತ್ರ ಆ ರಾತ್ರಿ ಊಟ ಮಾಡಲಿಲ್ಲ.

ನನ್ನ ಕಷ್ಟ ಕೊನೆಯ ಸಮಾಧಿ ದೃಶ್ಯ. ಲಿಂಡಾ, ನನಗೆ ಅಳು ಬರ್ತಿಲ್ಲ ಅಂತ ಗಂಡನ ಕ್ಷಮೆ ಕೇಳುತ್ತಾಳೆ. ತಾಲೀಮಿನಲ್ಲಿ ನನಗೆ ಪ್ರತಿ ಸಲವೂ ಮೊದಲೇ ಅಳು ಬಂದುಬಿಡುತ್ತಿತ್ತು. ಇವತ್ತು ಮನೆಯ ಕೊನೇ ಕಂತು ಕಟ್ಟಿದೆ ಅಂತ ಅವಳು ಹೇಳುತ್ತಾಳಲ್ಲ, ಅದನ್ನು ಹಿಡಿದುಕೊಂಡೆ. 25 ವರ್ಷದ ಸಾಲ. ತಿಂಗಳಿಗೊಂದರಂತೆ 300 ಕಂತು. ಕಚೇರಿಯಲ್ಲಿ ರಸೀದಿ ಹರಿಯುವ ಹಾಗೆ ಮನಸ್ಸಿನಲ್ಲೇ ಎಣಿಸುತ್ತಾ ನಿಂತೆ. ಎಣಿಸುವಾಗ ಅಳು ಬರುವುದಿಲ್ಲ. ಕೊನೆಗೆ ‘ನಾವೀಗ ಸಾಲ ಮುಕ್ತರು’ ಅಂದಾಗ ಎಣಿಕೆ ತಪ್ಪಿತು.

ನಾಟಕ ಮುಗಿದ ಮೇಲೆ ತುಂಬಾ ಜನ ಕೇಳಿದ್ದು ಒಂದೇ ಪ್ರಶ್ನೆ. ಲಿಂಡಾಗೆ ವಿಮೆ ದುಡ್ಡು ಬಂತಾ? ನಾಟಕದಲ್ಲಿ ಉತ್ತರ ಇಲ್ಲ. ಆದರೆ ಪ್ರೀಮಿಯಂ 108 ಡಾಲರ್ 68 ಸೆಂಟ್, ಈಗ ಗ್ರೇಸ್ ಪೀರಿಯಡ್ ನಡೀತಿದೆ ಅಂತ ಲಿಂಡಾ ಬೆಳಗ್ಗೆ ನೆನಪಿಸುವಾಗ ಸಭೆಯಲ್ಲಿ ಎಷ್ಟೋ ತಲೆಗಳು ಅಲ್ಲಾಡಿದವು. ಗ್ರೇಸ್ ಪೀರಿಯಡ್ ಅನ್ನುವ ಪದಕ್ಕೆ ಶಿವಮೊಗ್ಗದಲ್ಲಿ ಅನುವಾದ ಬೇಕಿರಲಿಲ್ಲ.

ಖರ್ಚಿನ ಲೆಕ್ಕ ಕೇಳಿದವರಿಗೆ: ಹಕ್ಕಿಗೆ 26,100, ಬ್ಯಾಂಕ್ ಮತ್ತು ಕಾಗದಪತ್ರಕ್ಕೆ 2,900, ಹಾಲ್‌ಗೆ 24,000, ಬೆಳಕು ಮತ್ತು ಧ್ವನಿಗೆ 38,000, ರಂಗಸಜ್ಜಿಕೆಗೆ 31,000, ಬಟ್ಟೆ ಮತ್ತು ಸಾಮಾನಿಗೆ 14,000, ಎರಡು ಸಲದ ಅಚ್ಚಿಗೆ 11,500, ನಾಲ್ಕೂವರೆ ತಿಂಗಳ ಟೀ, ತಿಂಡಿ, ಆಟೋಗೆ 17,000. ಒಟ್ಟು 1,64,500 ರೂಪಾಯಿ. ಟಿಕೆಟ್ 150ರಂತೆ ಮೊದಲ ದಿನ 310, ಎರಡನೇ ದಿನ 265 ಹೋದವು. ಬಂದದ್ದು 86,250. ಉಳಿದದ್ದರಲ್ಲಿ 40,000 ಊರಿನವರು ಕೊಟ್ಟರು. ಬಾಕಿ ನಮ್ಮ ನಮ್ಮ ಜೇಬಿನಿಂದ.

ಎರಡನೇ ದಿನ ಅಮ್ಮ ಬಂದಿದ್ದಳು. ಮೂರನೇ ಸಾಲಿನಲ್ಲಿ ಕೂತಿದ್ದಳು. ನಾಟಕದಲ್ಲಿ ಲಿಂಡಾಗೆ ನೆಲಮಾಳಿಗೆಯಲ್ಲಿ ವಿಲ್ಲಿ ಬಚ್ಚಿಟ್ಟ ಒಂದು ರಬ್ಬರ್ ಪೈಪು ಸಿಗುತ್ತದೆ. ಅದು ಯಾತಕ್ಕೆ ಅಂತ ಅವಳಿಗೆ ಗೊತ್ತು. ದಿನಾ ಅದನ್ನು ತೆಗೆಯುತ್ತಾಳೆ, ಅವನು ಮನೆಗೆ ಬರುವ ಹೊತ್ತಿಗೆ ವಾಪಸ್ ಅಲ್ಲೇ ಇಡುತ್ತಾಳೆ. ಅವರಿಗೆ ಹೇಗೆ ಅವಮಾನ ಮಾಡಲಿ ಅಂತ ಮಗಂದಿರನ್ನು ಕೇಳುತ್ತಾಳೆ. ಆ ಮಾತು ಹೇಳುವಾಗ ನಾನು ಅಮ್ಮನ ಕಡೆ ನೋಡಲಿಲ್ಲ.

ರಾತ್ರಿ ಮನೆಗೆ ಬಂದು ನಾನು ಮೇಕಪ್ ಒರೆಸಿಕೊಳ್ಳುತ್ತಿದ್ದೆ. ಅಮ್ಮ ಬಾಗಿಲಲ್ಲಿ ನಿಂತು ಹೇಳಿದಳು. ‘ಮನೆ ಪತ್ರ ಇಟ್ಟ ವರ್ಷ ನಿಮ್ಮಪ್ಪನ ಅಂಗಿ ಜೇಬಲ್ಲಿ ಸೊಸೈಟಿ ನೋಟೀಸು ಸಿಕ್ಕಿತ್ತು. ತೆಗೆದು ಓದ್ದೆ. ಅಂಗಿ ಒಗ್ದು, ಒಣಗ್ಸಿ, ಇಸ್ತ್ರಿ ಮಾಡಿ, ನೋಟೀಸನ್ನ ಅದೇ ಜೇಬಿಗೆ ಇಟ್ಟೆ.’ ಸ್ವಲ್ಪ ಹೊತ್ತು ನಿಂತಳು. ‘ನೀನು ಪೈಪು ಇಡ್ತೀನಿ ಅಂದಾಗ ನಿನ್ನ ಕೈ ಸರಿಯಾಗಿತ್ತು’ ಅಂದು ಮಲಗಲು ಹೋದಳು.

ಪ್ರದರ್ಶನ ಮುಗಿದ 30 ದಿನದೊಳಗೆ ಟಿಕೆಟ್ ಲೆಕ್ಕ, ಕರಪತ್ರದ ಎರಡು ಪ್ರತಿ, ಅನುವಾದದ ಒಂದು ಪ್ರತಿ ಏಜೆನ್ಸಿಗೆ ಕಳಿಸಬೇಕು ಅಂತ ಒಪ್ಪಂದದಲ್ಲಿದೆ. ಅದಕ್ಕಾಗಿ ಟಿಕೆಟ್ ಕೌಂಟರ್‌ಫಾಯಿಲ್ ಒಂದನ್ನೂ ಬಿಸಾಡಬೇಡಿ. ನಮ್ಮವು ಈಗ ಅಡುಗೆಮನೆ ಮೇಜಿನ ಮೇಲೆ ಐವತ್ತರ ಕಟ್ಟುಗಳಾಗಿ ಕೂತಿವೆ. ಅಮ್ಮ ಎಣಿಸುತ್ತಿದ್ದಾಳೆ, ನಾನು ಬರೆದುಕೊಳ್ಳುತ್ತಿದ್ದೇನೆ.